ಶಾಖದ ನಡೆಯನ್ನು ಅಳೆದ ದರ್ಜಿಯ ಮಗ
ಜೋಸೆಫ್ ಫೂರಿಯೆಯ ಜೀವನ ಚರಿತ್ರೆ

ಹೋಟೆಲಿನ ಅಡಿಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುವ ಕೆಲಸವನ್ನು ನಮ್ಮ ವಾಚಕರಲ್ಲಿ ಅನೇಕರು ಮಾಡಿದ್ದಾರೆ, ಉಳಿದವರು ನೋಡಿದ್ದಾರೆ. ಬಾಣಲೆಯು ಒಲೆಯ ಮೇಲಿರುವವರೆಗೆ ಸಟ್ಟುಗ ಹಿಡಿದ ಕೈ ನಿಲ್ಲುವಂತಿಲ್ಲ. ನಿಂತರೆ ತಳದ ರವೆಯು ಸೀದು ಕರಿಕಾಗುವುದು, ಮೇಲಿನ ರವೆಯು ಹಸಿಯಾಗಿಯೇ ಉಳಿಯುವುದು. ಬಾಣಲೆ ಒಂದೇ, ಉರಿ ಒಂದೇ, ರವೆಯೂ ಒಂದೇ. ಆದರೂ ಒಂದಂಗುಲದ ಅಂತರದಲ್ಲಿ ಇಷ್ಟು ಭೇದ. ಶಾಖವು ಕಾಳಿನಿಂದ ಕಾಳಿಗೆ ಹೋಗುವುದಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಅಡಿಗೆಯವರಿಗೆಲ್ಲ ಅನುಭವದಿಂದ ತಿಳಿದ ಮಾತು. ಆದರೆ ಎಷ್ಟು ಹೊತ್ತು, ಯಾವ ನಿಯಮದಂತೆ ಎಂಬುದನ್ನು ಗಣಿತದ ಲೆಕ್ಕದಲ್ಲಿ ಹಿಡಿದು ಜಗತ್ತಿಗೆ ಕೊಟ್ಟವನು ಫ್ರಾನ್ಸ್ ದೇಶದ ಜೋಸೆಫ್ ಫೂರಿಯೆ.

ಭತ್ತ, ಸಕ್ಕರೆ, ರಸಗೊಬ್ಬರ, ಔಷಧದ ಹರಳು, ಮರಳು ಮುಂತಾದ ಕಾಳು ಪದಾರ್ಥಗಳನ್ನು ಟನ್ನುಗಟ್ಟಲೆ ಒಣಗಿಸುವ ಕಾರಖಾನೆಯ ಯಂತ್ರಗಳ ಹಿಂದೆ ಇಂದಿಗೂ ಈತನ ಲೆಕ್ಕವೇ ಕೆಲಸ ಮಾಡುತ್ತಿದೆ. ಆ ಲೆಕ್ಕವನ್ನು ಆತನು ನಿಶ್ಚಿಂತೆಯ ವಿದ್ಯಾಪೀಠದಲ್ಲಿ ಕುಳಿತು ಮಾಡಿದುದಲ್ಲ. ಒಂದು ಜಿಲ್ಲೆಯ ಆಡಳಿತದ ಭಾರವನ್ನು ಹೊತ್ತು, ಕಚೇರಿಯ ಕಾಗದಪತ್ರಗಳ ನಡುವೆ ಬಿಡುವು ಮಾಡಿಕೊಂಡು ಮಾಡಿದುದು. ಮಾಡಿದ ಮೇಲೂ ಅದು ಗ್ರಂಥರೂಪದಲ್ಲಿ ಹೊರಬೀಳುವುದಕ್ಕೆ ಹದಿನೈದು ವರ್ಷ ಕಾಯಬೇಕಾಯಿತು. ಆತನ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಬಡತನದ ಬಾಲ್ಯ

ಫೂರಿಯೆಯು ೧೭೬೮ನೆಯ ಇಸವಿ ಮಾರ್ಚ್ ೨೧ರಂದು ಪ್ಯಾರಿಸಿನ ಆಗ್ನೇಯಕ್ಕಿರುವ ಓಸೆರ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಬಟ್ಟೆ ಹೊಲಿಯುವ ದರ್ಜಿ. ಮನೆ ತುಂಬ ಮಕ್ಕಳು. ಬಾಲಕನಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. ಮರುವರ್ಷ ತಂದೆಯೂ ಹೋದನು. ದಿಕ್ಕಿಲ್ಲದ ಹುಡುಗನ ಬುದ್ಧಿಯ ಚುರುಕನ್ನು ಕಂಡ ಊರ ಹಿತೈಷಿಗಳು ಅಲ್ಲಿಯ ಬಿಷಪ್ಪರಲ್ಲಿ ಶಿಫಾರಸು ಮಾಡಿ, ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಗೆ ಸೇರಿಸಿದರು.

ಮೊದಲಲ್ಲಿ ಸಾಹಿತ್ಯದಲ್ಲಿ ಮನಸ್ಸಿದ್ದ ಹುಡುಗನು ಹದಿಮೂರನೆಯ ವಯಸ್ಸಿಗೆ ಗಣಿತಕ್ಕೆ ಮರುಳಾದನು. ರಾತ್ರಿ ಎಲ್ಲರೂ ಮಲಗಿದ ಮೇಲೆ ಓದುವುದಕ್ಕೆ ದೀಪ ಬೇಕಲ್ಲ? ಹಗಲಿನಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಕೂಡಿಟ್ಟು, ಅವುಗಳ ಬೆಳಕಿನಲ್ಲಿ ಓದಿದನು. ಹದಿನಾಲ್ಕನೆಯ ವಯಸ್ಸಿಗೆ ಬೆಜೂ ಎಂಬ ಪಂಡಿತನ ಗಣಿತ ಗ್ರಂಥದ ಆರು ಸಂಪುಟಗಳನ್ನೂ ಮುಗಿಸಿದ್ದನು.

ಶಾಲೆ ಮುಗಿದ ಮೇಲೆ ಫಿರಂಗಿ ದಳಕ್ಕೆ ಸೇರಬೇಕೆಂದು ಅರ್ಜಿ ಹಾಕಿದನು. ಗಣಿತ ಬಲ್ಲವರಿಗೆ ತಕ್ಕ ಸ್ಥಾನವದು. ಆದರೆ ಆ ಕಾಲದ ಫ್ರಾನ್ಸಿನಲ್ಲಿ ಅಂತಹ ಹುದ್ದೆಗಳು ಶ್ರೀಮಂತ ಮನೆತನದವರಿಗೆ ಮೀಸಲು. ನ್ಯೂಟನ್ನನಿಗೆ ಸಮಾನನಾದ ಬುದ್ಧಿವಂತನಾದರೂ ಕುಲೀನನಲ್ಲದವನಿಗೆ ಪ್ರವೇಶವಿಲ್ಲವೆಂಬ ಅರ್ಥದ ಉತ್ತರ ಬಂದಿತು. ಬುದ್ಧಿಗೆ ಕೊರತೆಯಿರಲಿಲ್ಲ, ಜನ್ಮಕ್ಕೆ ಕೊರತೆಯಿತ್ತು! ಬೇರೆ ದಾರಿ ಕಾಣದೆ ೧೭೮೭ರಲ್ಲಿ ಸಂನ್ಯಾಸಿ ಮಠವೊಂದನ್ನು ಸೇರಿದನು. ಇಪ್ಪತ್ತೊಂದು ವರ್ಷ ತುಂಬಿದಾಗ, ಈ ವಯಸ್ಸಿಗೆ ನ್ಯೂಟನ್ನನೂ ಪಾಸ್ಕಲನೂ ಕೀರ್ತಿಗೆ ಅರ್ಹರಾಗಿದ್ದರು, ತಾನಾದರೋ ಏನನ್ನೂ ಸಾಧಿಸಲಿಲ್ಲ ಎಂದು ಕೊರಗಿ ಪತ್ರ ಬರೆದನು. ೧೭೮೯ರಲ್ಲಿ ಮಹಾಕ್ರಾಂತಿಯಾಯಿತು. ದೀಕ್ಷೆ ಪಡೆಯದೆಯೇ ಮಠವನ್ನು ಬಿಟ್ಟು ಬಂದು, ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಸೆರೆಮನೆಯಿಂದ ಈಜಿಪ್ತಿಗೆ

ಹುಟ್ಟಿನ ಮೇಲೆ ಯೋಗ್ಯತೆಯನ್ನು ಅಳೆಯುವ ವ್ಯವಸ್ಥೆಯು ಕುಸಿಯಿತೆಂದು ದರ್ಜಿಯ ಮಗನು ಸಂತೋಷಪಟ್ಟುದು ಸಹಜ. ೧೭೯೩ರಲ್ಲಿ ಊರಿನ ಕ್ರಾಂತಿಸಮಿತಿಯನ್ನು ಸೇರಿದನು. ಆದರೆ ಕ್ರಾಂತಿಯು ತನ್ನವರನ್ನೇ ನುಂಗತೊಡಗಿತು. ಓರ್ಲಿಯನ್ ಪಟ್ಟಣದಲ್ಲಿ ಒಂದು ಪಕ್ಷದವರ ಪರವಾಗಿ ಮಾತನಾಡಿದ ತಪ್ಪಿಗೆ ಫೂರಿಯೆಯು ೧೭೯೪ರಲ್ಲಿ ಸೆರೆಮನೆಗೆ ಹೋದನು. ಅಂದಿನ ದಿನಗಳಲ್ಲಿ ಸೆರೆಮನೆಯಿಂದ ತಲೆ ಕಡಿಯುವ ಯಂತ್ರಕ್ಕೆ ಬಹಳ ದೂರವಿರಲಿಲ್ಲ. ಅದೇ ಜುಲೈ ತಿಂಗಳಲ್ಲಿ ಕ್ರಾಂತಿಯ ಮುಖಂಡ ರೋಬೆಸ್ಪಿಯೆರನ ತಲೆಯೇ ಉರುಳಿತು, ಫೂರಿಯೆಯು ಬದುಕಿಕೊಂಡನು.

೧೭೯೫ರಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವುದಕ್ಕಾಗಿ ಪ್ಯಾರಿಸಿನಲ್ಲಿ ತೆರೆದ ಹೊಸ ವಿದ್ಯಾಲಯಕ್ಕೆ ಆತನು ಆಯ್ಕೆಯಾದನು. ಅಲ್ಲಿ ಲಗ್ರಾಂಜ್, ಲಪ್ಲಾಸ್, ಮೋಂಜ್ ಎಂಬ ಆ ಕಾಲದ ಮೂವರು ಮಹಾಗಣಿತಜ್ಞರ ಪಾಠವನ್ನು ಕೇಳಿದನು. ಎರಡೇ ವರ್ಷಗಳಲ್ಲಿ, ಹೊಸದಾಗಿ ಸ್ಥಾಪಿತವಾಗಿದ್ದ ಎಕೋಲ್ ಪಾಲಿಟೆಕ್ನಿಕ್ ಎಂಬ ವಿದ್ಯಾಲಯದಲ್ಲಿ ಲಗ್ರಾಂಜನ ಪೀಠಕ್ಕೇ ಉತ್ತರಾಧಿಕಾರಿಯಾದನು.

೧೭೯೮ರಲ್ಲಿ ನೆಪೋಲಿಯನ್ನನು ಈಜಿಪ್ತಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಸಂಗಡ ಪಂಡಿತರ ತಂಡವೊಂದನ್ನೂ ಕರೆದೊಯ್ದನು. ಫೂರಿಯೆಯು ಆ ತಂಡದಲ್ಲಿದ್ದು, ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಯ ಕಾರ್ಯದರ್ಶಿಯಾದನು. ಮರುಭೂಮಿಯ ಬಿಸಿಲಿನಲ್ಲಿ ಕಳೆದ ಮೂರು ವರ್ಷಗಳು ಆತನ ದೇಹಕ್ಕೆ ಒಂದು ವಿಚಿತ್ರವಾದ ಅಭ್ಯಾಸವನ್ನು ಹಚ್ಚಿದವು. ಫ್ರಾನ್ಸಿಗೆ ಮರಳಿದ ಮೇಲೆ ಆತನಿಗೆ ಯಾವಾಗಲೂ ಚಳಿ. ಬೇಸಿಗೆಯಲ್ಲಿಯೂ ಮೈತುಂಬ ಹೊದ್ದು, ಕೋಣೆಯನ್ನು ಬಂದವರು ಕೂರಲಾರದಷ್ಟು ಕಾಯಿಸಿಕೊಂಡು ಇರುತ್ತಿದ್ದನು.

ಕಚೇರಿಯ ಹಗಲು, ಗಣಿತದ ಬಿಡುವು

೧೮೦೧ರಲ್ಲಿ ಹಿಂತಿರುಗಿದ ಫೂರಿಯೆಗೆ ಪಾಠ ಹೇಳುವ ಕೆಲಸಕ್ಕೇ ಮರಳುವ ಆಸೆಯಿತ್ತು. ಆದರೆ ನೆಪೋಲಿಯನ್ನನು ಬಿಡಲಿಲ್ಲ. ೧೮೦೨ರಲ್ಲಿ ಆಲ್ಪ್ಸ್ ಪರ್ವತದ ಬುಡದ ಗ್ರೆನೋಬ್ಲ್ ನಗರವು ಮುಖ್ಯ ಪಟ್ಟಣವಾಗಿದ್ದ ಈಸೇರ್ ಪ್ರಾಂತಕ್ಕೆ ಆತನನ್ನು ಪ್ರಿಫೆಕ್ಟನನ್ನಾಗಿ ಮಾಡಿದನು. ಪ್ರಿಫೆಕ್ಟನೆಂದರೆ ನಮ್ಮ ಜಿಲ್ಲಾ ಕಲೆಕ್ಟರರಂತಹ ಅಧಿಕಾರಿ.

ಒಲ್ಲದ ಕೆಲಸವಾದರೂ ಅದರಲ್ಲಿ ಫೂರಿಯೆಯು ಉದಾಸೀನ ಮಾಡಲಿಲ್ಲ. ಬೂರ್ಗ್ವಾಂ ಎಂಬಲ್ಲಿಯ ವಿಸ್ತಾರವಾದ ಜವುಗು ನೆಲವು ತಲೆಮಾರುಗಳಿಂದ ಸುತ್ತಲಿನ ಹಳ್ಳಿಗಳಿಗೆ ಜ್ವರವನ್ನು ಹಂಚುತ್ತಿತ್ತು. ನೀರನ್ನು ಬಸಿದು ತೆಗೆಯಬೇಕಾದರೆ ಮೂವತ್ತಕ್ಕಿಂತ ಹೆಚ್ಚು ಗ್ರಾಮಗಳ ಒಪ್ಪಿಗೆ ಬೇಕು. ಒಂದಕ್ಕೆ ಒಪ್ಪಿಗೆಯಾದುದು ಇನ್ನೊಂದಕ್ಕೆ ಆಗದು. ಫೂರಿಯೆಯು ತಾಳ್ಮೆಯಿಂದ ಎಲ್ಲರನ್ನೂ ಒಡಂಬಡಿಸಿ ಆ ಕೆಲಸವನ್ನು ಮಾಡಿಸಿದನು. ಗ್ರೆನೋಬ್ಲಿನಿಂದ ಪರ್ವತವನ್ನು ದಾಟಿ ಇಟಲಿಯ ಟ್ಯೂರಿನ್ ನಗರಕ್ಕೆ ಹೋಗುವ ಹೊಸ ರಸ್ತೆಯ ನಿರ್ಮಾಣವನ್ನೂ ನೋಡಿಕೊಂಡನು. ಈಜಿಪ್ತಿನ ಕುರಿತ ಮಹಾಗ್ರಂಥಕ್ಕೆ ಪೀಠಿಕೆ ಬರೆಯುವ ಹೊಣೆಯೂ ಆತನ ಮೇಲೆಯೇ ಬಿದ್ದಿತು.

ಇಷ್ಟರ ನಡುವೆ ಆತನು ಶಾಖವನ್ನು ಕುರಿತು ಪ್ರಯೋಗ ಮಾಡತೊಡಗಿದನು. ಹೊಳಪು ಕೊಟ್ಟ ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಅದರಲ್ಲಿ ಅಲ್ಲಲ್ಲಿ ಕುಳಿ ಕೊರೆಸಿ, ಪಾದರಸ ತುಂಬಿ, ಉಷ್ಣಮಾಪಕಗಳನ್ನು ನಿಲ್ಲಿಸಿದನು. ಬಳೆಯ ಒಂದು ಭಾಗಕ್ಕೆ ದೀಪ ಹಿಡಿದು ಕಾಯಿಸಿ, ದೀಪವನ್ನು ತೆಗೆದು, ಶಾಖವು ಬಳೆಯ ಸುತ್ತ ಹೇಗೆ ಹರಡುತ್ತದೆ ಎಂಬುದನ್ನು ಬರೆದಿಟ್ಟನು. ಮೊದಲು ಉಷ್ಣತೆಯು ಹೇಗೆ ಹೇಗೋ ಇದ್ದರೂ, ಸ್ವಲ್ಪ ಹೊತ್ತಿನಲ್ಲಿ ಬಳೆಯ ಎದುರುಬದುರಿನ ಯಾವ ಎರಡು ಬಿಂದುಗಳ ಉಷ್ಣತೆಯನ್ನು ಕೂಡಿಸಿದರೂ ಒಂದೇ ಮೊತ್ತ ಬರುತ್ತಿತ್ತು. ಆತನ ಗಣಿತವು ಮೊದಲೇ ಹೇಳಿದ್ದುದೂ ಅದನ್ನೇ.

ಜಮಾ ಖರ್ಚಿನ ಲೆಕ್ಕ

ಆ ಗಣಿತದ ತಿರುಳು ಲೆಕ್ಕ ಬರೆಯುವ ಗುಮಾಸ್ತರಿಗೆ ಕಷ್ಟವಾದುದಲ್ಲ. ಕಬ್ಬಿಣದ ಸಲಾಕೆಯೊಂದನ್ನು ಮನಸ್ಸಿನಲ್ಲಿಯೇ ತೆಳುವಾದ ಬಿಲ್ಲೆಗಳನ್ನಾಗಿ ಕತ್ತರಿಸಿಕೊಳ್ಳಬೇಕು. ಪ್ರತಿಯೊಂದು ಬಿಲ್ಲೆಗೂ ಒಂದು ಖಾತೆ. ಬಿಸಿಯಾದ ಪಕ್ಕದಿಂದ ಬರುವ ಶಾಖವು ಜಮಾ. ತಣ್ಣಗಿರುವ ಪಕ್ಕಕ್ಕೆ ಹೋಗುವ ಶಾಖವು ಖರ್ಚು. ಉಳಿದ ಶಿಲ್ಕು ಆ ಬಿಲ್ಲೆಯ ಉಷ್ಣತೆಯನ್ನು ಏರಿಸುತ್ತದೆ. ಎಷ್ಟು ಶಾಖವು ದಾಟುತ್ತದೆ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸುತ್ತದೆ. ಅಕ್ಕಪಕ್ಕಗಳ ಉಷ್ಣತೆಯ ಅಂತರವು ಎಷ್ಟು ಕಡಿದಾಗಿದೆ ಎಂಬುದೊಂದು. ಆ ಪದಾರ್ಥವು ಶಾಖವನ್ನು ಎಷ್ಟು ಸುಲಭವಾಗಿ ಸಾಗಗೊಡುತ್ತದೆ ಎಂಬುದಿನ್ನೊಂದು. ಕಬ್ಬಿಣಕ್ಕೆ ಈ ಗುಣವು ನಿಶ್ಚಲವಾದ ಗಾಳಿಗಿಂತ ಎರಡು ಮೂರು ಸಾವಿರ ಪಾಲು ಹೆಚ್ಚು. ರವೆಯ ರಾಶಿಯಲ್ಲಿ ಕಾಳುಗಳ ನಡುವೆಯೆಲ್ಲ ಗಾಳಿಯೇ ತುಂಬಿರುವುದರಿಂದ ಶಾಖವು ಕುಂಟುತ್ತ ನಡೆಯುತ್ತದೆ. ಸಟ್ಟುಗವು ನಿಲ್ಲಬಾರದೆನ್ನುವುದಕ್ಕೆ ಕಾರಣವಿದೇ.

ಈ ಲೆಕ್ಕದಿಂದ ಒಂದು ಮುಖ್ಯವಾದ ನಿಯಮವು ಹೊರಡುತ್ತದೆ. ವಸ್ತುವಿನ ದಪ್ಪವು ಇಮ್ಮಡಿಯಾದರೆ ಶಾಖವು ನಡುವನ್ನು ಮುಟ್ಟುವುದಕ್ಕೆ ಬೇಕಾದ ಹೊತ್ತು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಮೂರು ಪಾಲಾದರೆ ಹೊತ್ತು ಒಂಬತ್ತು ಪಾಲು. ದಪ್ಪ ಆಲೂಗಡ್ಡೆಯನ್ನು ಹಾಗೆಯೇ ಬೇಯಲಿಟ್ಟರೆ ಹೊರಗೆ ಮೆತ್ತಗಾಗಿ ಒಳಗೆ ಕಲ್ಲಿನಂತಿರುವುದೂ, ಅದನ್ನೇ ಹೋಳು ಮಾಡಿದರೆ ಬೇಗ ಬೇಯುವುದೂ ಇದರಿಂದಲೇ.

ಹದಿನೈದು ವರ್ಷದ ಕಾಯುವಿಕೆ

೧೮೦೭ನೆಯ ಇಸವಿ ಡಿಸೆಂಬರ್ ೨೧ರಂದು ಫೂರಿಯೆಯ ಪ್ರಬಂಧವು ಪ್ಯಾರಿಸಿನ ಪಂಡಿತಸಭೆಯ ಮುಂದೆ ಬಂದಿತು. ಪರೀಕ್ಷಿಸಿದವರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಮೊದಲ ಮೂವರು ಆತನ ಗುರುಗಳೇ. ಉಷ್ಣತೆಯು ಎಂತಹ ಅಂಕುಡೊಂಕಾದ ರೀತಿಯಲ್ಲಿ ಹಂಚಿಕೊಂಡಿದ್ದರೂ ಅದನ್ನು ಸರಳವಾದ ಅಲೆಗಳ ಮೊತ್ತವೆಂದು ಬರೆಯಬಹುದೆಂದು ಫೂರಿಯೆಯು ಹೇಳಿದ್ದನು. ಲಗ್ರಾಂಜನಿಗೆ ಇದು ಸರ್ವಥಾ ಒಪ್ಪಿಗೆಯಾಗಲಿಲ್ಲ. ಸಲಾಕೆಗಳಲ್ಲಿ ಶಾಖದ ನಡೆಯನ್ನು ತಾನೂ ಪರಿಶೀಲಿಸಿದ್ದ ಬಿಯೊ ಎಂಬ ವಿಜ್ಞಾನಿಯೂ ಆಕ್ಷೇಪವೆತ್ತಿದನು. ಪ್ರಬಂಧವು ಅಚ್ಚಾಗದೆ ಕಪಾಟಿನಲ್ಲಿಯೇ ಉಳಿಯಿತು.

ಆ ಮೇಲೆ ಸಭೆಯು ಇದೇ ವಿಷಯವನ್ನು ೧೮೧೧ರ ಬಹುಮಾನದ ಸ್ಪರ್ಧೆಗೆ ಇಟ್ಟಿತು. ಫೂರಿಯೆಯು ತನ್ನ ಪ್ರಬಂಧವನ್ನು ವಿಸ್ತರಿಸಿ ಕಳುಹಿದನು. ೧೮೧೨ರ ಜನವರಿಯಲ್ಲಿ ಬಹುಮಾನವೇನೋ ಬಂದಿತು; ಆದರೆ ತರ್ಕದ ಬಿಗಿಯು ಸಾಲದೆಂಬ ದೋಷಾರೋಪಣೆಯೂ ಅದರೊಡನೆ ಬಂದಿತು. ಈ ಸಲವೂ ಅಚ್ಚಾಗಲಿಲ್ಲ. ನ್ಯಾಯವಾಗಿ ಹೇಳಬೇಕಾದರೆ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿತ್ತು. ಫೂರಿಯೆಯ ವಾದದಲ್ಲಿದ್ದ ಬಿರುಕುಗಳನ್ನು ಮುಚ್ಚುವುದಕ್ಕೆ ಮುಂದಿನ ಗಣಿತಜ್ಞರು ಹಲವು ದಶಕ ದುಡಿಯಬೇಕಾಯಿತು. ಆದರೆ ಉತ್ತರವು ಸರಿಯಾಗಿತ್ತು. ಕಬ್ಬಿಣದ ಬಳೆಯು ಸಾಕ್ಷಿ ಹೇಳಿತ್ತು.

೧೮೧೫ರಲ್ಲಿ ಆತನಿಗೆ ಕೆಟ್ಟ ಕಾಲ ಬಂದಿತು. ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ನನು ಗ್ರೆನೋಬ್ಲಿನ ದಾರಿಯಲ್ಲಿಯೇ ಪ್ಯಾರಿಸಿಗೆ ನಡೆದನು. ಅರಸನ ಅಧಿಕಾರಿಯಾಗಿದ್ದ ಫೂರಿಯೆಯು ಊರನ್ನು ಬಿಟ್ಟು ಹೋದನು. ನೆಪೋಲಿಯನ್ನನು ಮೊದಲು ಮುನಿದು, ಬಳಿಕ ಇನ್ನೊಂದು ಜಿಲ್ಲೆಯ ಅಧಿಕಾರವನ್ನು ಕೊಟ್ಟನು. ಅದೂ ಬಹಳ ದಿನ ಉಳಿಯಲಿಲ್ಲ. ಅರಸನು ಪುನಃ ಸಿಂಹಾಸನಕ್ಕೆ ಬಂದಾಗ ಫೂರಿಯೆಯು ಎರಡು ಪಕ್ಷಗಳಿಗೂ ಬೇಡವಾದನು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಉದ್ಯೋಗವಿಲ್ಲದೆ ಪ್ಯಾರಿಸಿನಲ್ಲಿ ನಿಂತವನಿಗೆ, ಹಿಂದೆ ಆತನಲ್ಲಿ ಪಾಠ ಕೇಳಿದ್ದ ಶಿಷ್ಯನೊಬ್ಬನು ಅಂಕಿಸಂಖ್ಯೆಯ ಕಚೇರಿಯಲ್ಲಿ ಕೆಲಸ ಕೊಡಿಸಿದನು. ೧೮೧೬ರಲ್ಲಿ ಪಂಡಿತಸಭೆಯು ಆತನನ್ನು ಸದಸ್ಯನನ್ನಾಗಿ ಆರಿಸಿದಾಗ ಅರಸನು ಒಪ್ಪಲಿಲ್ಲ. ಮರುವರ್ಷ ಪುನಃ ಆರಿಸಿದರು, ಅರಸನು ಒಪ್ಪಿದನು.

೧೮೨೨ರಲ್ಲಿ ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಆತನ ಮಹಾಗ್ರಂಥವು ಪ್ರಕಟವಾಯಿತು. ಅದೇ ವರ್ಷ ಪಂಡಿತಸಭೆಯ ಶಾಶ್ವತ ಕಾರ್ಯದರ್ಶಿಯ ಸ್ಥಾನವೂ ದೊರೆಯಿತು. ಆ ಅಧಿಕಾರದಲ್ಲಿದ್ದಾಗ ಆತನು ೧೮೧೧ರ ಪ್ರಬಂಧವನ್ನು ಸಭೆಯ ಸಂಪುಟಗಳಲ್ಲಿ, ಅದು ಇದ್ದ ಹಾಗೆಯೇ ಅಚ್ಚು ಹಾಕಿಸಿದನು. ತನ್ನನ್ನು ಟೀಕಿಸಿದವರಿಗೆ ಆತನು ಕೊಟ್ಟ ಉತ್ತರವೆಂದರೆ ಇಷ್ಟೇ. ೧೮೦೭ರ ಮೊದಲ ಪ್ರಬಂಧವಂತೂ ಪೂರ್ಣವಾಗಿ ಮುದ್ರಣ ಕಂಡುದು ೧೯೭೨ರಲ್ಲಿ.

ಕಾಳಿನೊಳಗಿನ ಪ್ರಯಾಣ

ಇನ್ನು ಕಾಳು ಒಣಗಿಸುವ ಯಂತ್ರಕ್ಕೆ ಬರೋಣ. ಒಣಗುವ ಕಾಳಿನಲ್ಲಿ ಎರಡು ಪ್ರಯಾಣಗಳು ಒಟ್ಟಿಗೆ ನಡೆಯುತ್ತವೆ. ಶಾಖವು ಹೊರಗಿನಿಂದ ಒಳಕ್ಕೆ. ತೇವವು ಒಳಗಿನಿಂದ ಹೊರಕ್ಕೆ. ಮೊದಲನೆಯದರ ನಿಯಮವನ್ನು ಫೂರಿಯೆಯು ಕೊಟ್ಟಿದ್ದನು. ೧೮೫೫ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್ ಎಂಬ ಶರೀರವಿಜ್ಞಾನಿಯು ಅದೇ ನಿಯಮವನ್ನು ಮಾದರಿಯಾಗಿಟ್ಟುಕೊಂಡು, ನೀರಿನಲ್ಲಿ ಕರಗಿದ ಉಪ್ಪು ಹರಡುವ ಬಗೆಯನ್ನು ವಿವರಿಸಿದನು. ಉಷ್ಣತೆಯ ಬದಲು ಸಾಂದ್ರತೆಯೆಂದು ಬರೆದರೆ ಲೆಕ್ಕವು ಅದೇ. ಅಮೆರಿಕದ ವಾರೆನ್ ಲೂಯಿಸನು ೧೯೨೧ರಲ್ಲಿಯೂ, ಥಾಮಸ್ ಶೆರ್ವುಡ್ಡನು ೧೯೨೯ರಲ್ಲಿಯೂ ಘನ ಪದಾರ್ಥಗಳು ಒಣಗುವ ವೇಗವನ್ನು ಕುರಿತು ಬರೆದು, ಈ ಬಗೆಯ ಲೆಕ್ಕವನ್ನು ಕಾರಖಾನೆಯ ಬಾಗಿಲಿಗೆ ತಂದರು.

ಬಹಳ ಒದ್ದೆಯಾದ ಮರಳಿನಂತಹ ಪದಾರ್ಥಕ್ಕೆ ಬಿಸಿಗಾಳಿಯನ್ನು ಊದಿದರೆ ಮೊದಲಲ್ಲಿ ಮೇಲ್ಮೈಯ ನೀರು ಒಂದೇ ವೇಗದಿಂದ ಆರುತ್ತದೆ. ಆಗ ಗಾಳಿಯು ಎಷ್ಟು ಬಿಸಿಯಾಗಿದ್ದರೂ ಕಾಳು ತಂಪಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವ ಹಾಗೆ. ಏಕೆಂದರೆ ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಒಂದು ಗ್ರಾಂ ನೀರನ್ನು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಲು ೭೫ ಕ್ಯಾಲೊರಿ ಸಾಕು. ಕುದಿಯುವ ಆ ನೀರನ್ನು ಆವಿ ಮಾಡಲು ಸುಮಾರು ೫೪೦ ಕ್ಯಾಲೊರಿ ಬೇಕು. ಮೇಲ್ಮೈ ಒಣಗಿದ ಬಳಿಕ ಒಳಗಿನ ತೇವವು ಹೊರಕ್ಕೆ ಬರಬೇಕು. ಅಲ್ಲಿಂದ ಮುಂದೆ ವೇಗವು ಇಳಿಯುತ್ತದೆ, ಕಾಳಿನ ಬಿಸಿಯು ಏರುತ್ತದೆ. ಅಪಾಯವಿರುವುದು ಇಲ್ಲಿಯೇ. ಕೈಗೆ ಒಣಗಿದಂತೆ ತೋರಿದ ಕಾಳಿನ ಗರ್ಭದಲ್ಲಿ ನೀರು ಇನ್ನೂ ಉಳಿದಿರುತ್ತದೆ.

ಭತ್ತದ ವಿಷಯದಲ್ಲಿ ಇದರ ನಷ್ಟವು ಕಣ್ಣಿಗೆ ಕಾಣುತ್ತದೆ. ಅವಸರದಿಂದ ಒಣಗಿಸಿದರೆ ಹೊರಭಾಗವು ಕುಗ್ಗಿ, ಒಳಭಾಗವು ಕುಗ್ಗದೆ, ಅಕ್ಕಿಯು ಸೀಳು ಬಿಡುತ್ತದೆ. ಗಿರಣಿಗೆ ಹಾಕಿದರೆ ನುಚ್ಚಾಗುತ್ತದೆ. ಆದುದರಿಂದ ಸ್ವಲ್ಪ ಒಣಗಿಸಿ, ಒಳಗಿನ ತೇವವು ಸಮವಾಗಿ ಹರಡುವುದಕ್ಕೆ ಕೆಲವು ಗಂಟೆ ರಾಶಿ ಹಾಕಿ ಬಿಟ್ಟು, ಪುನಃ ಒಣಗಿಸುತ್ತಾರೆ. ನೂರಕ್ಕೆ ೨೨ ಪಾಲು ತೇವವಿರುವ ೧,೦೦೦ ಕಿಲೊ ಭತ್ತವನ್ನು ೧೪ ಪಾಲಿಗೆ ಇಳಿಸಬೇಕಾದರೆ ತೆಗೆಯಬೇಕಾದ ನೀರು ೮೦ ಕಿಲೊ ಅಲ್ಲ, ಸುಮಾರು ೯೩ ಕಿಲೊ. ನೀರಿನೊಡನೆ ಒಟ್ಟು ತೂಕವೂ ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿಗೆ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಕಾಲಿನಿಂದ ಗೀರಿ, ಮಗುಚುತ್ತಿದ್ದ ತಾಯಂದಿರು ಸಮೀಕರಣವನ್ನು ಕಲಿಯದಿದ್ದರೂ ನಿಯಮವನ್ನು ಬಲ್ಲವರಾಗಿದ್ದರು.

ಕಾರಖಾನೆಯಲ್ಲಿ ಆ ಮಗುಚುವ ಕೆಲಸವನ್ನು ಯಂತ್ರವು ಮಾಡುತ್ತದೆ. ಕಾಫಿ ಬೀಜ ಹುರಿಯುವ ಉರುಳೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಉದ್ದವಾದ ಉಕ್ಕಿನ ಉರುಳೆಯನ್ನು ತುಸು ಓರೆಯಾಗಿ ಮಲಗಿಸಿ ನಿಧಾನವಾಗಿ ತಿರುಗಿಸುತ್ತಾರೆ. ಒಳಗೋಡೆಗೆ ಜೋಡಿಸಿದ ಪಟ್ಟಿಗಳು ಕಾಳನ್ನು ಎತ್ತಿ ಬಿಸಿಗಾಳಿಯ ನಡುವೆ ಸುರಿಯುತ್ತವೆ. ಇನ್ನೊಂದು ಬಗೆಯ ಯಂತ್ರದಲ್ಲಿ ತೂತಿನ ತಟ್ಟೆಯ ಕೆಳಗಿನಿಂದ ಗಾಳಿಯನ್ನು ರಭಸವಾಗಿ ಊದಿ, ಕಾಳುಗಳು ಕುದಿಯುವ ಸಾರಿನಂತೆ ಕುಣಿಯುವ ಹಾಗೆ ಮಾಡುತ್ತಾರೆ. ಕಾಳೊಂದೊಂದೂ ಎಲ್ಲಿಗೆ ಬಿದ್ದಿತು, ಎಷ್ಟು ಶಾಖ ಪಡೆಯಿತು, ಎಷ್ಟು ತೇವ ಕಳೆದುಕೊಂಡಿತು ಎಂದು ಇಂದು ಕಂಪ್ಯೂಟರುಗಳು ಲಕ್ಷಗಟ್ಟಲೆ ಕಾಳುಗಳಿಗೆ ಖಾತೆ ಬರೆಯುತ್ತವೆ. ಖಾತೆಯ ಪದ್ಧತಿಯು ಮಾತ್ರ ಗ್ರೆನೋಬ್ಲಿನ ಆ ಅಧಿಕಾರಿಯದೇ.

ಇದರಲ್ಲೊಂದು ಸ್ವಾರಸ್ಯವಿದೆ. ಎಷ್ಟು ಹೊತ್ತಿನಲ್ಲಿ ಶಾಖವು ಕಾಳಿನ ನಡುವನ್ನು ಮುಟ್ಟುತ್ತದೆ ಎಂಬುದನ್ನು ತಿಳಿಸುವ ಸಂಖ್ಯೆಗೆ ಫೂರಿಯೆಯ ಹೆಸರು. ತಡೆಯು ಕಾಳಿನ ಹೊರಗಿದೆಯೋ ಒಳಗಿದೆಯೋ ಎಂಬುದನ್ನು ತಿಳಿಸುವ ಸಂಖ್ಯೆಗೆ ಬಿಯೊನ ಹೆಸರು. ಬದುಕಿದ್ದಾಗ ಜಗಳವಾಡಿದ ಇಬ್ಬರೂ ಒಣಗಿಸುವ ಯಂತ್ರದ ಲೆಕ್ಕದಲ್ಲಿ ಒಂದೇ ಪುಟದಲ್ಲಿ ಕುಳಿತಿದ್ದಾರೆ.

ಕೊನೆಯ ದಿನಗಳು

ಕಾಳಿನಿಂದ ತೊಡಗಿ ಭೂಗೋಳದವರೆಗೆ ಫೂರಿಯೆಯ ವಿಚಾರವು ಹರಿಯಿತು. ಗಾಳಿಯ ಹೊದಿಕೆಯು ಬಿಸಿಲನ್ನು ಒಳಗೆ ಬಿಟ್ಟು, ನೆಲದಿಂದೇಳುವ ಕಾಣದ ಶಾಖವನ್ನು ಸುಲಭವಾಗಿ ಹೊರಗೆ ಬಿಡದೆ ಭೂಮಿಯನ್ನು ಬೆಚ್ಚಗೆ ಇಡುತ್ತದೆ ಎಂಬ ಭಾವನೆಯನ್ನು ೧೮೨೪ರಲ್ಲಿ ಪ್ರಕಟಿಸಿದವನೂ ಆತನೇ.

ಆತನು ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಎದೆಯ ರೋಗವು ಪೀಡಿಸುತ್ತಿತ್ತು. ೧೮೩೦ನೆಯ ಇಸವಿ ಮೇ ೪ರಂದು ಮೆಟ್ಟಿಲಿನಿಂದ ಬಿದ್ದನು. ಮೇ ೧೬ರಂದು ಪ್ಯಾರಿಸಿನಲ್ಲಿ ಕಣ್ಣು ಮುಚ್ಚಿದನು. ಆಗ ಆತನಿಗೆ ೬೨ ವರ್ಷ. ಪ್ಯಾರಿಸಿನಲ್ಲಿ ೧೮೮೯ರಲ್ಲಿ ಎದ್ದು ನಿಂತ ಐಫೆಲ್ ಗೋಪುರದ ಮೇಲೆ ಕೆತ್ತಿದ ೭೨ ಹೆಸರುಗಳಲ್ಲಿ ಫೂರಿಯೆಯ ಹೆಸರೂ ಒಂದು. ಕುಲೀನನಲ್ಲವೆಂದು ಫಿರಂಗಿ ದಳದ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲ್ಪಟ್ಟವನ ಹೆಸರದು.

ಶಾಖವು ಒಳಗನ್ನು ಮುಟ್ಟುವುದಕ್ಕೆ ಹೊತ್ತು ಬೇಕು; ಉರಿಯನ್ನು ಹೆಚ್ಚಿಸಿ ಅವಸರಪಡಿಸಿದರೆ ಹೊರಗು ಸುಡುವುದೇ ಹೊರತು ಒಳಗು ಬೇಯುವುದಿಲ್ಲ. ಇದನ್ನು ಲೆಕ್ಕದಿಂದ ತೋರಿಸಿಕೊಟ್ಟವನು ತನ್ನ ಬದುಕಿನಲ್ಲಿಯೂ ಅಷ್ಟೇ ತಾಳ್ಮೆಯಿಂದ ಕಾದನು. ಹಗಲೆಲ್ಲ ದುಡಿದು, ರಾತ್ರಿ ಶಾಲೆಯ ದೀಪದ ಕೆಳಗೆ ಪುಸ್ತಕ ತೆರೆಯುವ ನಮ್ಮ ಹುಡುಗರಿಗೆ, ಮೇಣದ ಬತ್ತಿಯ ತುಂಡುಗಳನ್ನು ಕೂಡಿಟ್ಟ ಆ ದರ್ಜಿಯ ಮಗನು ದೂರದವನೆಂದು ತೋರಲಾರನು.